ಕ್ರೀಮ್ ಡಬ್ಬದ ಮೇಲಿನ ‘ಸಮಾಜಸೇವೆ’ ನಿಜವೇ? ನೀವೇ ಪರೀಕ್ಷಿಸುವ ಬಗೆ

“ಈ ಫೇಸ್‌ವಾಶ್ ಕೊಂಡರೆ ಬಡ ಹೆಣ್ಣುಮಕ್ಕಳ ಓದಿಗೆ ಹಣ ಹೋಗುತ್ತದೆ ಅಂತ ಬರೆದಿದ್ದಾರೆ, ನಿಜವಾ?” ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬ್ಯೂಟಿ ಪಾರ್ಲರ್ ನಡೆಸುವವರು ಕೇಳುತ್ತಾರೆ, ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ ಪ್ರಾಜೆಕ್ಟ್ ಬರೆಯಬೇಕಾದ ಬಿ.ಕಾಂ. ಮಕ್ಕಳು ಕೇಳುತ್ತಾರೆ. ಸ್ತ್ರೀಶಕ್ತಿ ಸಂಘದವರ ಪ್ರಶ್ನೆ ಇನ್ನೂ ನೇರ: “ಆ ಹಣ ನಮ್ಮೂರ ಶಾಲೆಗೂ ಬರುತ್ತದಾ?”

ಒಂದೊಂದು ಬ್ರ್ಯಾಂಡಿನ ಬಗ್ಗೆ ತೀರ್ಪು ಕೊಡುವ ಬದಲು ಪರೀಕ್ಷಿಸುವ ದಾರಿಯನ್ನೇ ಇಲ್ಲಿ ಹೇಳುತ್ತೇನೆ. ಬೇಕಾದ ದಾಖಲೆಗಳಲ್ಲಿ ಬಹುಪಾಲು ಸಾರ್ವಜನಿಕವಾಗಿಯೇ ಇವೆ, ದುಡ್ಡು ಕೊಡಬೇಕಿಲ್ಲ.

ಮೊದಲು ಒಂದು ಪದ. ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್. ನಮ್ಮಲ್ಲಿ ಇದು ಕಂಪನಿಯ ಔದಾರ್ಯಕ್ಕೆ ಬಿಟ್ಟ ಮಾತಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 2014ರ ಏಪ್ರಿಲ್ 1ರಿಂದ ದೊಡ್ಡ ಕಂಪನಿಗಳಿಗೆ ಕಡ್ಡಾಯ. ಆದರೆ ಸೋಪು, ಶಾಂಪೂ, ಲಿಪ್‌ಸ್ಟಿಕ್ ತಯಾರಕರ ಹೊಣೆ ಆ ಖರ್ಚಿನ ಪಟ್ಟಿಗೆ ಮುಗಿಯುವುದಿಲ್ಲ. ಬಣ್ಣಕ್ಕೆ ಹಾಕುವ ಪುಡಿಯನ್ನು ಯಾರ ಕೈಯಿಂದ ಅಗೆಸಿದರು, ಖಾಲಿ ಪ್ಯಾಕೆಟ್ ಕೊನೆಗೆ ಎಲ್ಲಿಗೆ ಹೋಯಿತು ಎನ್ನುವುದೂ ಅದೇ ಹೊಣೆಯ ಭಾಗ. ನನ್ನ ಮಟ್ಟಿಗೆ ದೊಡ್ಡ ಭಾಗ ಅದೇ.

ಏನೇನು ಬೇಕು

ನೀವು ಬಳಸುವ ವಸ್ತುವಿನ ಪ್ಯಾಕ್ (ಹೊರಗಿನ ರಟ್ಟಿನ ಡಬ್ಬಿಯನ್ನೂ ಎಸೆಯಬೇಡಿ), ಇಂಟರ್ನೆಟ್ ಇರುವ ಫೋನು, ಬರೆದುಕೊಳ್ಳಲು ಒಂದು ನೋಟ್‌ಬುಕ್. ಕಂಪನಿಯ ವಾರ್ಷಿಕ ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಓದಲು ಕಷ್ಟವಾದರೆ ಕಾಲೇಜಿಗೆ ಹೋಗುವ ಮಗಳನ್ನೋ ಪಕ್ಕದ ಮನೆಯ ಹುಡುಗನನ್ನೋ ಜೊತೆಗೆ ಕೂರಿಸಿಕೊಳ್ಳಿ.

ಹಂತ 1: ಪ್ಯಾಕಿನ ಹಿಂಬದಿ ಓದಿ

ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದಿರುತ್ತದೆ. ಬರಿಗಣ್ಣಿನಲ್ಲಿ ಹೆಣಗಾಡದೆ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕಾ ಪರವಾನಗಿ ಸಂಖ್ಯೆ (‘ಲೈಸೆನ್ಸ್ ನಂಬರ್’ ಎಂದು ಇರುತ್ತದೆ), ಬ್ಯಾಚ್ ಸಂಖ್ಯೆ, ಯಾವಾಗಿನೊಳಗೆ ಬಳಸಬೇಕು ಎಂಬುದು, ಒಳಗಿನ ಪದಾರ್ಥಗಳ ಪಟ್ಟಿ: ಇಷ್ಟು ಇರಬೇಕು. ಆಮದಾದ ವಸ್ತುವಾದರೆ ಆಮದು ನೋಂದಣಿ ಸಂಖ್ಯೆ ಇರಬೇಕು. ಪದಾರ್ಥಗಳನ್ನು ಹೆಚ್ಚಿನ ಪ್ರಮಾಣದ್ದರಿಂದ ಕಡಿಮೆಯದರ ಕಡೆಗೆ ಬರೆಯಬೇಕೆಂಬುದು ನಿಯಮ. ಶೇ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಮುಂಬದಿಯಲ್ಲಿ ‘ಕಾಫಿ ಸ್ಕ್ರಬ್’ ಅಂತ ದೊಡ್ಡದಾಗಿ ಬರೆದು, ಹಿಂಬದಿಯ ಪಟ್ಟಿಯಲ್ಲಿ ಕಾಫಿ ಸುಗಂಧದ ನಂತರ ಬಂದಿದ್ದರೆ, ಚಿಕ್ಕಮಗಳೂರಿನ ಕಾಫಿ ಅದರಲ್ಲಿ ಎಷ್ಟಿದೆ ಎಂದು ನೀವೇ ಅಂದಾಜು ಮಾಡಿಕೊಳ್ಳಬಹುದು.

ಇಲ್ಲಿ ಎಡವುವ ಜಾಗ ಒಂದಿದೆ. ‘ಮ್ಯಾನುಫ್ಯಾಕ್ಚರ್ಡ್ ಬೈ’ ಮತ್ತು ‘ಮಾರ್ಕೆಟೆಡ್ ಬೈ’ ಎಂದು ಎರಡು ಹೆಸರು ಇರುವುದುಂಟು. ಮೊದಲನೆಯದು ತಯಾರಿಸಿದ ಕಾರ್ಖಾನೆ, ಎಷ್ಟೋ ಸಲ ಹಿಮಾಚಲದ ಬದ್ದಿಯದೋ ಉತ್ತರಾಖಂಡದ ಹರಿದ್ವಾರದ್ದೋ ಆಗಿರುತ್ತದೆ. ಎರಡನೆಯದು ಬ್ರ್ಯಾಂಡಿನ ಒಡೆಯ ಕಂಪನಿ. ಜಾಹೀರಾತಿನ ಮಾತಿಗೆ ಉತ್ತರ ಕೊಡಬೇಕಾದವರು ಎರಡನೆಯವರು. ಮುಂದಿನ ಹಂತಗಳಿಗೆ ಆ ಹೆಸರನ್ನೇ ಬರೆದುಕೊಳ್ಳಿ.

ತಯಾರಕರ ವಿಳಾಸವೂ ಇಲ್ಲ, ಪರವಾನಗಿ ಸಂಖ್ಯೆಯೂ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ವಾರದಲ್ಲಿ ಬೆಳ್ಳಗಾಗಿಸುವ ಕ್ರೀಮುಗಳಲ್ಲಿ ಇಂಥವು ಹೆಚ್ಚು. ಪಾದರಸ ಚರ್ಮದ ಬಣ್ಣದ ಕಣಗಳು ಹುಟ್ಟದಂತೆ ತಡೆಯುತ್ತದೆ, ಅದಕ್ಕೇ ಅದನ್ನು ಕದ್ದು ಬೆರೆಸುತ್ತಾರೆ. ಅದು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕಣ್ಣಿನ ಸುತ್ತ ಹಚ್ಚುವವನ್ನು ಬಿಟ್ಟರೆ ಉಳಿದವುಗಳಲ್ಲಿ ಅರಿಯದೆ ಸೇರಿದ ಪಾದರಸ ಕೂಡ ಹತ್ತು ಲಕ್ಷಕ್ಕೆ ಒಂದು ಭಾಗ ಮೀರಬಾರದು. ಅಂಥ ಡಬ್ಬಿ ಸಂತೆಯಲ್ಲೋ ಫ್ಯಾನ್ಸಿ ಸ್ಟೋರಿನಲ್ಲೋ ಕಂಡರೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ತಿಳಿಸಿ. ಅಂಗಡಿಯವರ ಹತ್ತಿರ ಬಿಲ್ ಕೇಳಿ ಇಟ್ಟುಕೊಳ್ಳಿ.

ಹಂತ 2: ಹೇಳಿಕೆಗಳನ್ನು ಮೂರು ರಾಶಿ ಮಾಡಿ

ಪ್ಯಾಕಿನಲ್ಲೂ ಜಾಹೀರಾತಿನಲ್ಲೂ ಇರುವ ಒಳ್ಳೊಳ್ಳೆಯ ಮಾತುಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿ. ಆಮೇಲೆ ಬೇರ್ಪಡಿಸಿ.

ಮೊದಲ ರಾಶಿ, ಕಾನೂನು ಮಾಡಿಸಿದ್ದು. ‘ಪ್ರಾಣಿಗಳ ಮೇಲೆ ಪ್ರಯೋಗಿಸಿಲ್ಲ’ ಎಂಬುದನ್ನೇ ತೆಗೆದುಕೊಳ್ಳಿ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರ ಮೇ ತಿಂಗಳಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದ್ದನ್ನು ಆಮದು ಮಾಡುವುದಕ್ಕೂ ಅದೇ ವರ್ಷದ ನವೆಂಬರಿನಿಂದ ತಡೆ ಬಿತ್ತು. ಅಂದಮೇಲೆ ಇಲ್ಲಿ ಮಾರುವ ಪ್ರತಿ ಕ್ರೀಮಿಗೂ ಆ ಮಾತು ಅನ್ವಯಿಸುತ್ತದೆ. ಅದನ್ನು ಹಿರಿಮೆಯಾಗಿ ಹೇಳಿಕೊಳ್ಳುವ ಕಂಪನಿ ಕಾನೂನು ಮುರಿದಿಲ್ಲ ಎಂದಷ್ಟೇ ಹೇಳಿದಂತಾಯಿತು. ಪ್ಲಾಸ್ಟಿಕ್ ಸಂಗ್ರಹವೂ ಇದೇ ರಾಶಿಗೆ ಸೇರುತ್ತದೆ, ಆ ವಿಚಾರ ಹಂತ 7ರಲ್ಲಿದೆ.

ಎರಡನೆಯದು, ಮಾರಾಟಕ್ಕಾಗಿ ಮಾಡಿದ್ದು. ‘ಈ ಬಾಟಲಿ ಕೊಂಡರೆ ಒಂದು ರೂಪಾಯಿ ಶಿಕ್ಷಣಕ್ಕೆ’ ಎಂಬ ಯೋಜನೆ ತಪ್ಪೇನಲ್ಲ. ಆದರೆ ತನ್ನ ವಸ್ತುವಿಗೆ ಪ್ರಚಾರ ಸಿಗಲಿ ಎಂದು ಮಾಡುವ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಖಾತೆಗೆ ಬರೆಯುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಕಾಲೇಜಿನ ಉತ್ಸವಕ್ಕೆ ಬ್ಯಾನರ್ ಕಟ್ಟಿಸಿ ಸ್ಯಾಂಪಲ್ ಹಂಚಿದ್ದು ಜಾಹೀರಾತಿನ ಖರ್ಚು. ತನ್ನ ನೌಕರರಿಗೆ ಮಾತ್ರ ಮಾಡಿದ ಅನುಕೂಲ, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ, ಬೇರೊಂದು ಕಾನೂನು ಹೊರಿಸಿದ ಕರ್ತವ್ಯ, ಇವು ಯಾವುವೂ ಲೆಕ್ಕಕ್ಕಿಲ್ಲ.

ಮೂರನೆಯ ರಾಶಿಯೇ ನಿಮಗೆ ಬೇಕಾದದ್ದು: ಲಾಭದಿಂದ ತೆಗೆದು ನಿಜವಾಗಿ ಖರ್ಚು ಮಾಡಿದ್ದು, ಇಲ್ಲವೇ ಕಾನೂನು ಕೇಳದಿದ್ದರೂ ತನ್ನ ವ್ಯವಹಾರದ ರೀತಿಯನ್ನೇ ಬದಲಿಸಿಕೊಂಡದ್ದು.

ಒಂದೇ ಕಂಪನಿ ಒಂದು ಕೈಯಿಂದ ಒಳ್ಳೆಯದನ್ನೂ ಇನ್ನೊಂದು ಕೈಯಿಂದ ಕೆಡುಕನ್ನೂ ಮಾಡುತ್ತಿರಬಹುದು. ಫೇರ್ ಅಂಡ್ ಲವ್ಲಿ ಹೆಸರಿನ ಫೌಂಡೇಶನ್ 2003ರಿಂದ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದೇ ಕ್ರೀಮಿನ ಜಾಹೀರಾತು ಕಪ್ಪು ಮೈಬಣ್ಣವನ್ನು ಕೊರತೆಯೆಂದು ತೋರಿಸುತ್ತ ಬಂದಿತ್ತು. ಮೈಬಣ್ಣದ ಹೆಸರಿನಲ್ಲಿ ಕೀಳುಗಳೆಯುವ ಜಾಹೀರಾತು ಕೂಡದೆಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಸೂತ್ರ ಹೊರಡಿಸಿತು, 2020ರಲ್ಲಿ ಬ್ರ್ಯಾಂಡಿನ ಒಡೆಯ ಕಂಪನಿ ಹಿಂದೂಸ್ತಾನ್ ಯೂನಿಲಿವರ್ ಕ್ರೀಮಿನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಎಂದಿತು. ವಿದ್ಯಾರ್ಥಿವೇತನ ಪಡೆದ ಹುಡುಗಿಯ ಓದು ನಿಜವೇ. ಟಿವಿ ನೋಡಿ ಕನ್ನಡಿ ಮುಂದೆ ಕುಗ್ಗಿದ ಸಾವಿರಾರು ಹುಡುಗಿಯರ ನೋವೂ ನಿಜವೇ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಿಕೊಳ್ಳಲು ಬಿಡಬೇಡಿ.

ಹಂತ 3: ಕಂಪನಿಯ ಗುರುತು ಸಂಖ್ಯೆ ಹುಡುಕಿ

ಬ್ರ್ಯಾಂಡಿನ ಹೆಸರೇ ಬೇರೆ, ಕಂಪನಿಯ ಹೆಸರೇ ಬೇರೆ. ಕಂಪನಿಯ ವೆಬ್‌ಸೈಟಿನ ಅಡಿಭಾಗದಲ್ಲಿ ಅಥವಾ ‘ಸಂಪರ್ಕಿಸಿ’ ಪುಟದಲ್ಲಿ ಸಿಐಎನ್ ಎಂಬ 21 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ‘ಎಲ್’ನಿಂದ ಶುರುವಾದರೆ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ, ‘ಯು’ ಆದರೆ ಅಲ್ಲ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಸ್ಥಾನದಲ್ಲಿರುವ ನೋಂದಾಯಿತ ಕಂಪನಿಗಳು 2022-23ರಿಂದ ಬಿಆರ್‌ಎಸ್‌ಆರ್ ಎಂಬ ಇನ್ನೊಂದು ವರದಿಯನ್ನೂ ಕೊಡಬೇಕು. ನೀರು, ತ್ಯಾಜ್ಯ, ಕಾರ್ಮಿಕರು, ದೂರುಗಳು ಹೀಗೆ ಕಂಪನಿಯ ನಡವಳಿಕೆಯ ವಿವರ ಅದರಲ್ಲಿರುತ್ತದೆ. ವಾರ್ಷಿಕ ವರದಿಯ ಜೊತೆಗೇ ಸಿಗುತ್ತದೆ.

ಹಂತ 4: ಎಷ್ಟು ಖರ್ಚು ಮಾಡಬೇಕಿತ್ತು, ಲೆಕ್ಕ ಹಾಕಿ

ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) 500 ಕೋಟಿ, ವಹಿವಾಟು 1000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದರೂ ಸೆಕ್ಷನ್ 135 ಅನ್ವಯಿಸುತ್ತದೆ. ಆಗ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ನ್ನು ಖರ್ಚು ಮಾಡಬೇಕು. ಉದಾಹರಣೆಗೆ ಮೂರು ವರ್ಷದ ಲಾಭ 40, 50, 60 ಕೋಟಿ ಆಗಿದ್ದರೆ ಸರಾಸರಿ 50 ಕೋಟಿ, ಕೊಡಬೇಕಾದದ್ದು 1 ಕೋಟಿ. ಅದರಲ್ಲಿ ಆಡಳಿತ ವೆಚ್ಚ ಎಂದು ತೋರಿಸಬಹುದಾದದ್ದು ಹೆಚ್ಚೆಂದರೆ ಶೇ 5.

ವಾರ್ಷಿಕ ವರದಿಯಲ್ಲಿ ನಿರ್ದೇಶಕರ ವರದಿಗೆ ಅಂಟಿಕೊಂಡು ‘ಸಿಎಸ್‌ಆರ್ ಚಟುವಟಿಕೆಗಳ ವಾರ್ಷಿಕ ವರದಿ’ ಎಂಬ ಅನುಬಂಧ ಇರುತ್ತದೆ. ಅದರಲ್ಲಿ ‘ಕೊಡಬೇಕಿದ್ದದ್ದು’, ‘ಖರ್ಚಾದದ್ದು’, ‘ಉಳಿದದ್ದು’ ಎಂಬ ಮೂರು ಅಂಕಿ ನೋಡಿ. ಉಳಿದರೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ನಡೆಯುತ್ತಿರುವ ಯೋಜನೆಗಾದರೆ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ, ಇಲ್ಲವಾದರೆ 6 ತಿಂಗಳೊಳಗೆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಹೇಳಿದ ನಿಧಿಗೆ ಹೋಗಬೇಕು. 7ನೇ ಅನುಸೂಚಿ ಅಂದರೆ ಸಿಎಸ್‌ಆರ್ ಹಣವನ್ನು ಯಾವುದಕ್ಕೆ ಬಳಸಬಹುದು ಎಂಬ ಪಟ್ಟಿ: ಶಿಕ್ಷಣ, ಆರೋಗ್ಯ, ಕುಡಿಯುವ ನೀರು, ಪರಿಸರ, ಮಹಿಳಾ ಸಬಲೀಕರಣ ಇತ್ಯಾದಿ.

ಅವಸರದ ತೀರ್ಮಾನ ಬೇಡ. ಇತ್ತೀಚೆಗೆ ಆನ್‌ಲೈನಿನಲ್ಲಿ ಹೆಸರು ಮಾಡಿದ ಎಷ್ಟೋ ಹೊಸ ಬ್ರ್ಯಾಂಡುಗಳು ಮೊದಲ ವರ್ಷಗಳಲ್ಲಿ ನಷ್ಟದಲ್ಲೇ ಇರುತ್ತವೆ, ಅವುಗಳಿಗೆ ಈ ಹೊರೆ ಇರುವುದಿಲ್ಲ. ಸಿಎಸ್‌ಆರ್ ಪುಟ ಖಾಲಿ ಇದ್ದ ಮಾತ್ರಕ್ಕೆ ಕಂಪನಿ ಕೆಟ್ಟದ್ದಲ್ಲ. ಹಾಗೆಯೇ ಶೇ 2 ಪೂರ್ತಿ ಕಟ್ಟಿದ ಮಾತ್ರಕ್ಕೆ ಒಳ್ಳೆಯದೂ ಅಲ್ಲ.

ಹಂತ 5: ಹಾಸನಕ್ಕೆ, ಚಿಕ್ಕಮಗಳೂರಿಗೆ ಏನಾದರೂ ಬಂದಿದೆಯೇ ನೋಡಿ

ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ಗೆ ಹೋಗಿ. ವಿಳಾಸ: ಸಿಎಸ್‌ಆರ್ ಡಾಟ್ ಜಿಒವಿ ಡಾಟ್ ಇನ್. ಕಂಪನಿ, ರಾಜ್ಯ, ಜಿಲ್ಲೆ, ಕ್ಷೇತ್ರ ಹೀಗೆ ಬೇರೆ ಬೇರೆ ಕಡೆಯಿಂದ ಹುಡುಕಬಹುದು. ಕಂಪನಿಯ ಹೆಸರು ಹಾಕಿ ಯೋಜನೆಗಳ ಪಟ್ಟಿ ನೋಡಿ. ಆಮೇಲೆ ಕರ್ನಾಟಕ ಆರಿಸಿ ನಿಮ್ಮ ಜಿಲ್ಲೆಗೆ ಬನ್ನಿ.

ಪೋರ್ಟಲ್ ತುಂಬುವುದು ಕಂಪನಿಗಳು ಸಲ್ಲಿಸಿದ ಲೆಕ್ಕದಿಂದ, ಹಾಗಾಗಿ ಈ ವರ್ಷದ ಖರ್ಚು ಈಗಲೇ ಕಾಣುವುದಿಲ್ಲ. ಇನ್ನೊಂದು, ಎಷ್ಟೋ ಕಂಪನಿಗಳು ಜಿಲ್ಲೆಯ ಹೆಸರನ್ನೇ ಕೊಡದೆ ‘ಪ್ಯಾನ್ ಇಂಡಿಯಾ’ ಎಂದು ಬರೆದು ಮುಗಿಸುತ್ತವೆ. ‘ನಮ್ಮೂರಲ್ಲಿ ಮಾಡಿದ್ದೇವೆ’ ಎಂದು ಸಮಾರಂಭದಲ್ಲಿ ಹೇಳಿ, ಲೆಕ್ಕದಲ್ಲಿ ಜಿಲ್ಲೆಯನ್ನು ಕಾಣಿಸದಿದ್ದರೆ ಆ ಬಗ್ಗೆ ಪತ್ರ ಬರೆದು ಕೇಳುವುದು ನ್ಯಾಯವೇ. ಕಂಪನಿ ತಾನು ಕೆಲಸ ಮಾಡುವ ಸ್ಥಳ ಮತ್ತು ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಸೌಂದರ್ಯವರ್ಧಕಗಳ ದೊಡ್ಡ ಕಾರ್ಖಾನೆಗಳು ಇರುವುದು ಬೇರೆ ಕಡೆ, ಮುಖ್ಯ ಕಚೇರಿಗಳು ಇರುವುದು ಮಹಾನಗರಗಳಲ್ಲಿ. ಕೊಳ್ಳುವವರು ಮೂಡಿಗೆರೆಯಲ್ಲೂ ಸಕಲೇಶಪುರದಲ್ಲೂ ಇದ್ದಾರೆ, ಆದರೆ ಆದ್ಯತೆಯ ಪಟ್ಟಿಯಲ್ಲಿ ಕೊಳ್ಳುವವರ ಊರು ಬರುವುದಿಲ್ಲ. ಇದು ಕಾಯ್ದೆಯ ಕೊರತೆ ಎಂದೇ ನನಗೆ ಅನ್ನಿಸುತ್ತದೆ.

ಹಂತ 6: ಕಚ್ಚಾವಸ್ತು ಎಲ್ಲಿಂದ ಬಂತು

ಇಲ್ಲಿ ನಿಧಾನಿಸಿ. ಪದಾರ್ಥಗಳ ಪಟ್ಟಿಯ ಫೋಟೊ ಮತ್ತೆ ತೆರೆಯಿರಿ.

‘ಮೈಕಾ’ ಅಥವಾ ‘ಸಿಐ 77019’: ಇದು ಅಭ್ರಕ. ಐಶ್ಯಾಡೊ, ಲಿಪ್‌ಸ್ಟಿಕ್, ನೇಲ್ ಪಾಲಿಶಿನ ಮಿನುಗು ಇದರದ್ದೇ. ಜಾರ್ಖಂಡಿನ ಕೊಡರ್ಮಾ, ಗಿರಿಡೀಹ್ ಮತ್ತು ಬಿಹಾರದ ನವಾಡಾ ಜಿಲ್ಲೆಗಳಲ್ಲಿ ಮುಚ್ಚಿಹೋದ ಗಣಿಗಳ ಬಿಲಗಳಿಗೆ ಇಳಿದು, ತ್ಯಾಜ್ಯದ ದಿಬ್ಬ ಕೆದಕಿ ಬಡ ಕುಟುಂಬಗಳು ಇದನ್ನು ಆಯುತ್ತವೆ, ಮಕ್ಕಳೂ ಸೇರಿ. ಮಣ್ಣು ಕುಸಿದು ಮಕ್ಕಳು ಸತ್ತ ಸಂಗತಿಯನ್ನು 2016ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಬಯಲಿಗೆಳೆಯಿತು. ಮರುವರ್ಷ ಕೆಲವು ಕಂಪನಿಗಳು ಸೇರಿ ‘ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್’ ಎಂಬ ಒಕ್ಕೂಟ ಕಟ್ಟಿಕೊಂಡವು. ನಿಮ್ಮ ಕಂಪನಿ ಅದರ ಸದಸ್ಯನೇ, ಅಭ್ರಕ ಯಾವ ಗಣಿಯಿಂದ ಬಂತೆಂದು ಅದಕ್ಕೆ ಗೊತ್ತೇ ಎಂದು ಕೇಳಬಹುದು. ‘ಸಿಂಥೆಟಿಕ್ ಫ್ಲೋರ್‌ಫ್ಲೋಗೋಪೈಟ್’ ಎಂದು ಬರೆದಿದ್ದರೆ ಅದು ಪ್ರಯೋಗಾಲಯದಲ್ಲಿ ತಯಾರಾದ ಅಭ್ರಕ, ಗಣಿಯದಲ್ಲ. ಆದರೆ ಎಲ್ಲರೂ ಅದಕ್ಕೇ ಬದಲಾಯಿಸಿಬಿಟ್ಟರೆ ಆ ಕುಟುಂಬಗಳ ಅರೆಹೊಟ್ಟೆಯ ಸಂಪಾದನೆಯೂ ನಿಲ್ಲುತ್ತದೆ. ಅಲ್ಲೇ ಖರೀದಿಸಿ, ದೊಡ್ಡವರಿಗೆ ಸರಿಯಾದ ಬೆಲೆ ಕೊಟ್ಟು, ಮಕ್ಕಳನ್ನು ಶಾಲೆಗೆ ಕಳಿಸುವ ಏರ್ಪಾಡು ಮಾಡುವ ಕಂಪನಿಯನ್ನು ನಾನು ಹೆಚ್ಚು ಗೌರವಿಸುತ್ತೇನೆ.

‘ಸೋಡಿಯಂ ಪಾಮೇಟ್’: ತಾಳೆ ಎಣ್ಣೆಯಿಂದ ಮಾಡಿದ ಸೋಪಿನ ಮೂಲವಸ್ತು. ಇಂಡೋನೇಷ್ಯಾ, ಮಲೇಷ್ಯಾಗಳಲ್ಲಿ ಕಾಡು ಕಡಿದು ಬೆಳೆದದ್ದೇ ಎಂಬುದು ಇಲ್ಲಿನ ಪ್ರಶ್ನೆ. 2004ರಲ್ಲಿ ಶುರುವಾದ ಆರ್‌ಎಸ್‌ಪಿಒ ಎಂಬ ಸಂಸ್ಥೆ ಕಾಡು ಕಡಿಯದೆ ಬೆಳೆದ ತಾಳೆಗೆ ಪ್ರಮಾಣಪತ್ರ ಕೊಡುತ್ತದೆ. ಮುದ್ರೆ ಕಂಡೊಡನೆ ನಿಶ್ಚಿಂತರಾಗಬೇಡಿ. ಮುದ್ರೆಯಲ್ಲಿ ‘ಮಿಕ್ಸ್ಡ್’ ಎಂದಿದ್ದರೆ ಪ್ರಮಾಣಿತ ಎಣ್ಣೆಗೆ ಪ್ರಮಾಣಿತವಲ್ಲದ್ದೂ ಬೆರೆತಿದೆ ಎಂದರ್ಥ. ‘ಸೋಡಿಯಂ ಕೊಕೊಯೇಟ್’ ಎಂದಿದ್ದರೆ ಅದು ತೆಂಗಿನೆಣ್ಣೆಯದು. ಅರಸೀಕೆರೆ, ಚನ್ನರಾಯಪಟ್ಟಣದ ಕೊಬ್ಬರಿ ಬೆಲೆ ಬಿದ್ದಾಗಲೆಲ್ಲ ಸಂಕಟಪಡುವ ನಮಗೆ ಈ ಒಂದು ಪದ ಗೊತ್ತಿರಬೇಕು.

‘ಸಿಐ 75470’ ಅಂದರೆ ಕಾರ್ಮೈನ್, ಕೀಟದಿಂದ ತೆಗೆದ ಕೆಂಪು ಬಣ್ಣ. ಶುದ್ಧ ಸಸ್ಯಾಹಾರಿಗಳು ಲಿಪ್‌ಸ್ಟಿಕ್ ಕೊಳ್ಳುವಾಗ ನೋಡಿಕೊಳ್ಳಿ. ಸ್ಕ್ರಬ್‌ನಲ್ಲಿ ‘ಪಾಲಿಎಥಿಲೀನ್’ ಇದ್ದರೆ ಉಜ್ಜುವ ಕಣ ಪ್ಲಾಸ್ಟಿಕ್ಕಿನದು, ಬಚ್ಚಲಿನಿಂದ ನೇರ ಹೊಳೆಗೆ ಹೋಗುತ್ತದೆ.

ಗಂಧದ ಸೋಪು ಎಂದರೆ ಒಳಗೆ ಗಂಧ ಇರಲೇಬೇಕೆಂದಿಲ್ಲ. ಪಟ್ಟಿಯಲ್ಲಿ ‘ಸ್ಯಾಂಟಲಮ್ ಆಲ್ಬಮ್’ ಎಣ್ಣೆ ಇದ್ದರೆ ಶ್ರೀಗಂಧ, ಬರೀ ‘ಫ್ರೇಗ್ರೆನ್ಸ್’ ಎಂದಿದ್ದರೆ ಕೃತಕ ಪರಿಮಳವೂ ಇರಬಹುದು. ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ ಎಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಕಡೂರು, ತರೀಕೆರೆ ಸೀಮೆಯಲ್ಲಿ ಗಂಧ ನೆಟ್ಟು ಕಳ್ಳರಿಗೆ ಹೆದರಿ ರಾತ್ರಿ ಕಾಯುವ ರೈತರ ದೃಷ್ಟಿಯಿಂದ ನೋಡಿದರೆ, ನಿಜವಾದ ಗಂಧದೆಣ್ಣೆಯನ್ನು ನೇರವಾಗಿ, ನ್ಯಾಯವಾದ ಬೆಲೆಗೆ ಕೊಳ್ಳುವುದೇ ದೊಡ್ಡ ಹೊಣೆಗಾರಿಕೆ.

ಹಂತ 7: ಪ್ಯಾಕೆಟ್ ಎಲ್ಲಿಗೆ ಹೋಗುತ್ತದೆ

ಯಾವುದಾದರೂ ಕೆರೆಯ ಬಟ್ಟೆ ಒಗೆಯುವ ಕಲ್ಲಿನ ಸುತ್ತ ನೋಡಿ, ಹರಿದ ಶಾಂಪೂ ಪ್ಯಾಕೆಟ್‌ಗಳು ಮಣ್ಣಿನಲ್ಲಿ ಅರ್ಧ ಹೂತಿರುತ್ತವೆ. ಪ್ಲಾಸ್ಟಿಕ್ಕಿನ ಹಲವು ಪದರ ಒತ್ತಿ ಮಾಡಿದ ಇಂಥ ಪ್ಯಾಕೆಟ್ಟನ್ನು ಗುಜರಿಯವರು ಮುಟ್ಟುವುದಿಲ್ಲ, ಪದರ ಬಿಡಿಸಿ ಮರುಬಳಕೆ ಮಾಡುವುದು ಕಷ್ಟ.

ಇಪಿಆರ್ ಎಂಬ ಪದ ಕೇಳಿರಬಹುದು: ವಿಸ್ತೃತ ಉತ್ಪಾದಕ ಹೊಣೆಗಾರಿಕೆ. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ ಪ್ಯಾಕಿಂಗಿಗೆ ತಕ್ಕಂತೆ ತ್ಯಾಜ್ಯವನ್ನು ಸಂಗ್ರಹಿಸಿ ವಿಲೇವಾರಿ ಮಾಡಿಸುವ ಕರ್ತವ್ಯ ಬ್ರ್ಯಾಂಡಿನ ಒಡೆಯರದ್ದು. 2022ರ ಫೆಬ್ರುವರಿಯಲ್ಲಿ ಇದರ ವಿವರವಾದ ಮಾರ್ಗಸೂಚಿ ಬಂತು, ನೋಂದಣಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಆಗುತ್ತದೆ. ಹಲವು ಪ್ಯಾಕ್‌ಗಳ ಹಿಂದೆ ಇಪಿಆರ್ ನೋಂದಣಿ ಸಂಖ್ಯೆ ಮುದ್ರಿಸಿರುತ್ತಾರೆ, ಹುಡುಕಿ. ಇದು ಕಾನೂನಿನ ಕರ್ತವ್ಯವಾದ್ದರಿಂದ ಇದರ ಖರ್ಚನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ಯಾರಾದರೂ ಹಾಗೆ ಹೇಳಿಕೊಂಡರೆ ಆ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳಿ. ಮಲೆನಾಡಿನ ಹೋಮ್‌ಸ್ಟೇಗಳವರು ಸ್ಯಾಶೆ ಬಿಟ್ಟು ದೊಡ್ಡ ಕ್ಯಾನಿನಿಂದ ತುಂಬಿಸುವ ಬಾಟಲಿ ಇಟ್ಟರೆ ಕಂಪನಿಗಾಗಿ ಕಾಯಬೇಕಾಗಿಯೂ ಇಲ್ಲ.

ಹಂತ 8: ಬರೆದು ಕೇಳಿ, ಉತ್ತರ ಬಾರದಿದ್ದರೆ ದೂರು ಕೊಡಿ

ಪ್ಯಾಕಿನ ಮೇಲಿನ ಗ್ರಾಹಕ ಸೇವಾ ಇಮೇಲ್‌ಗೆ ಹೀಗೆ ಬರೆಯಿರಿ:

“ನಿಮ್ಮ (ವಸ್ತುವಿನ ಹೆಸರು, ಬ್ಯಾಚ್ ಸಂಖ್ಯೆ) ಪ್ಯಾಕಿನಲ್ಲಿ (ಹೇಳಿಕೆಯನ್ನು ಇದ್ದಂತೆ ಬರೆಯಿರಿ) ಎಂದಿದೆ. ಕಳೆದ ಹಣಕಾಸು ವರ್ಷದಲ್ಲಿ ಇದಕ್ಕೆ ಎಷ್ಟು ಹಣ, ಯಾವ ಜಿಲ್ಲೆಯಲ್ಲಿ, ಯಾವ ಸಂಸ್ಥೆಯ ಮೂಲಕ ಖರ್ಚಾಯಿತು? ಇದು ಸೆಕ್ಷನ್ 135ರ ಖರ್ಚೋ ಅಥವಾ ಮಾರಾಟದ ಯೋಜನೆಯೋ? ಬಳಸಿದ ಅಭ್ರಕ ಮತ್ತು ತಾಳೆ ಎಣ್ಣೆಯ ಮೂಲ ಯಾವುದು?”

ಕೋಪದ ಮಾತು ಬೇಡ, ಒಂದು ಪತ್ರದಲ್ಲಿ ಒಂದೇ ವಸ್ತುವಿನ ಬಗ್ಗೆ ಕೇಳಿ. ‘ಪರಿಸರಸ್ನೇಹಿ’, ‘ನೈಸರ್ಗಿಕ’, ‘ಕ್ರೂರತೆರಹಿತ’ ಎಂಬಂಥ ಮಾತುಗಳನ್ನು ಆಧಾರ ಮತ್ತು ವಿವರಣೆ ಇಲ್ಲದೆ ಬಳಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪತ್ರದಲ್ಲಿ ಅದನ್ನು ನೆನಪಿಸಿದರೆ ಉತ್ತರಕ್ಕೆ ತೂಕ ಬರುತ್ತದೆ.

ಉತ್ತರ ಬರಲಿಲ್ಲ, ಬಂದರೂ ಹಾರಿಕೆಯದಾಗಿತ್ತು ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಿಮಗೇ ನಷ್ಟವಾಗಿದ್ದರೆ, ಉದಾಹರಣೆಗೆ ಚರ್ಮ ಸುಟ್ಟಿದ್ದರೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್, ಪ್ಯಾಕ್, ವೈದ್ಯರ ಚೀಟಿ ಮೂರೂ ಜೋಪಾನ.

ಹಂತ 9: ಹಣ ನಿಮ್ಮೂರಿಗೂ ಬೇಕಿದ್ದರೆ

ಸ್ತ್ರೀಶಕ್ತಿ ಸಂಘದ ಹೆಸರಿಗೆ ನೇರವಾಗಿ ಚೆಕ್ ಬರುವುದಿಲ್ಲ. ಕಂಪನಿ ತಾನೇ ಕೆಲಸ ಮಾಡಿಸಬಹುದು, ಇಲ್ಲವೇ ಅರ್ಹ ಸಂಸ್ಥೆಯ ಮೂಲಕ ಮಾಡಿಸಬೇಕು. ಹೊರಗಿನ ಟ್ರಸ್ಟ್ ಅಥವಾ ಸೊಸೈಟಿಯಾದರೆ ನೋಂದಣಿಯಾಗಿರಬೇಕು, ಆದಾಯ ತೆರಿಗೆಯ 12ಎ ಮತ್ತು 80ಜಿ ಮಾನ್ಯತೆ (ಸಂಸ್ಥೆಗೂ ದಾನಿಗೂ ತೆರಿಗೆ ರಿಯಾಯಿತಿ ಕೊಡಿಸುವಂಥದ್ದು) ಇರಬೇಕು, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ಇದರ ಮೇಲೆ ಸಿಎಸ್‌ಆರ್-1 ಎಂಬ ನಮೂನೆ ತುಂಬಿ ಸಚಿವಾಲಯದಲ್ಲಿ ನೋಂದಣಿ ಸಂಖ್ಯೆ ಪಡೆಯಬೇಕು, 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಇದೆಲ್ಲ ನಿಮ್ಮಲ್ಲಿ ಇಲ್ಲದಿದ್ದರೆ ತಾಲ್ಲೂಕಿನಲ್ಲಿ ಈಗಾಗಲೇ ನೋಂದಣಿ ಇರುವ, ನೀವು ಕಣ್ಣಾರೆ ಕೆಲಸ ನೋಡಿರುವ ಸಂಸ್ಥೆಯೊಂದಿಗೆ ಸೇರಿ ಅರ್ಜಿ ಹಾಕಿ.

ಎಚ್ಚರ: ‘ಕಂಪನಿಯಲ್ಲಿ ನಮ್ಮವರಿದ್ದಾರೆ, ಸಿಎಸ್‌ಆರ್ ಹಣ ಕೊಡಿಸುತ್ತೇವೆ, ಮುಂಗಡ ಕೊಡಿ’ ಎನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಹಣ ಪಡೆದು ಅರ್ಧ ವಾಪಸ್ ಕೊಡಿ ಎಂಬ ವ್ಯವಹಾರಕ್ಕೆ ಸಿಕ್ಕಿಕೊಂಡರೆ ಲೆಕ್ಕ ತಪ್ಪಿದಾಗ ಉತ್ತರ ಕೊಡಬೇಕಾದವರು ನೀವೇ.

ಪ್ರಸ್ತಾವ ಎರಡು ಪುಟ ಮೀರದಿರಲಿ. ಶಾಲೆಯ ಹೆಸರು, ಮಕ್ಕಳ ಸಂಖ್ಯೆ, ಬೇಕಾದದ್ದು ಏನು (ಹೆಣ್ಣುಮಕ್ಕಳ ಶೌಚಾಲಯವೋ, ಕುಡಿಯುವ ನೀರಿನ ಘಟಕವೋ), ಅಂದಾಜು ವೆಚ್ಚ, ಮುಂದೆ ಅದನ್ನು ನೋಡಿಕೊಳ್ಳುವವರು ಯಾರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಠರಾವು, ಎರಡು ಫೋಟೊ ಸಾಕು. ಕಂಪನಿಗಳ ವರ್ಷ ಮಾರ್ಚಿಗೆ ಮುಗಿಯುತ್ತದೆ, ಮುಂದಿನ ವರ್ಷದ ಯೋಜನೆ ಅದಕ್ಕೆ ಮೊದಲೇ ಸಿದ್ಧವಾಗುತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಕಳಿಸಿದ ಅರ್ಜಿಗೆ ಜೂನಿನಲ್ಲಿ ಕಳಿಸಿದ್ದಕ್ಕಿಂತ ಹೆಚ್ಚು ಅವಕಾಶ. ವಿಳಾಸವನ್ನು ಮಾರಾಟ ವಿಭಾಗಕ್ಕೆ ಹಾಕಬೇಡಿ, ವೆಬ್‌ಸೈಟಿನಲ್ಲಿ ಸಿಎಸ್‌ಆರ್ ಸಮಿತಿಯ ಸದಸ್ಯರ ಹೆಸರು ಇರುತ್ತದೆ, ಆ ಸಮಿತಿಗೇ ಬರೆಯಿರಿ.